ಒತ್ತು ಬೀಳದ ಚೀಟಿ

ಹೆಂಡತಿ ಸತ್ತ ಹನ್ನೆರಡನೆಯ ದಿನಕ್ಕೆ ಕೊಟ್ಟೂರಪ್ಪ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಹಿಂದೆ ಕೂತ. ಎಂದಿನಂತೆ ಬಿಲ್ಲು ಬರೆದ, ಚಿಲ್ಲರೆ ಎಣಿಸಿ ಕೊಟ್ಟ, ಮಧ್ಯಾಹ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದ. ಅಳಲಿಲ್ಲ. ಬಳ್ಳಾರಿಯ ಬೆಂಗಳೂರು ರೋಡಿನ ನಮ್ಮ ಜವಳಿ ಸಾಲಿನವರಿಗೆ ಅದೇ ಒಂದು ದೊಡ್ಡ ಸುದ್ದಿಯಾಯಿತು. ಒಬ್ಬ ಅವನನ್ನು ಕಲ್ಲೆದೆಯವನೆಂದ, ಇನ್ನೊಬ್ಬ ಎರಡನೆಯ ಮದುವೆಗೆ ಆಗಲೇ ಹೆಣ್ಣು ನೋಡಿದ್ದಾನೆಂದ. ಆಡುವವರ ಬಾಯಿಗೆ ಅಡ್ಡ ಕಟ್ಟೆ ಕಟ್ಟಲು ನನ್ನಿಂದಾಗುತ್ತದೆಯೇ? ಕತ್ತರಿ ಕೈಯಲ್ಲಿದ್ದಾಗ ಮಾತ್ರ ಒಂದಿಬ್ಬರಿಗೆ ಚುರುಕು ಮುಟ್ಟಿಸಿದ್ದೆ.

ನಾನು ದಸ್ತಗೀರಸಾಬ. ಮರಿಬಸಪ್ಪ ಸಾವ್ಕಾರರ ಜವಳಿ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆ ಮಿಷನ್ನು ಇಟ್ಟುಕೊಂಡು ಇಪ್ಪತ್ತಾರು ವರ್ಷ ಕೂತವನು. ಒಳಗೆ ಸೀರೆ ಕೊಂಡವರು ಹೊರಗೆ ನನ್ನ ಹತ್ತಿರ ಕುಪ್ಪಸ ಹೊಲಿಸುತ್ತಿದ್ದರು. ಕಟ್ಟೆಯಿಂದ ಗಲ್ಲಾಪೆಟ್ಟಿಗೆ ನೇರ ಕಾಣುತ್ತಿತ್ತು. ಹಾಗಾಗಿ ಕೊಟ್ಟೂರಪ್ಪನ ಮುಖವನ್ನು ಅವನ ತಾಯಿಗಿಂತ ಹೆಚ್ಚು ನೋಡಿದವನು ನಾನೇ.

ಅವನು ಕುರುಗೋಡಿನ ಹತ್ತಿರದ ಬಾದನಹಟ್ಟಿಯವನು. ಎಸ್ಸೆಸ್ಸೆಲ್ಸಿ ಪಾಸಾಗಿ, ಬೇರೆಲ್ಲೂ ಕೆಲಸ ಸಿಗದೆ, ಹತ್ತೊಂಬತ್ತಕ್ಕೆ ನಮ್ಮ ಅಂಗಡಿ ಸೇರಿದ. ವಾರದಲ್ಲಿ ಆರು ದಿನ ಅಂಗಡಿಯ ಅಟ್ಟದ ಮೇಲೆ ಮಲಗುತ್ತಿದ್ದ, ಒಂದು ದಿನ ಊರಿಗೆ ಹೋಗುತ್ತಿದ್ದ. ಮದುವೆಯಾದ ಮೇಲೂ ಹಾಗೆಯೇ. ಹೆಂಡತಿ ಎರ್ರಮ್ಮ ಬಳ್ಳಾರಿಯಲ್ಲಿ ಒಂದು ರೂಮು ಮಾಡು, ಮೂವರೂ ಒಂದು ಕಡೆ ಇರೋಣ ಎಂದು ಐದು ವರ್ಷ ಕೇಳಿದಳು. ಇವನು ಐದು ವರ್ಷವೂ ಬರುವ ವರ್ಷ ನೋಡೋಣ ಎಂದ. ಎಂಬತ್ತೈದನೆಯ ಇಸವಿಯ ಯುಗಾದಿ ಮುಗಿದ ಮೇಲೆ ಅವಳಿಗೆ ಕಾಮಾಲೆಯಾಯಿತು. ಊರಿನ ಔಷಧಿಗೆ ಬಗ್ಗಲಿಲ್ಲ. ಬಳ್ಳಾರಿಯ ದವಾಖಾನೆಗೆ ತಂದರು. ಹೀಗೆ ಅವಳು ಬಳ್ಳಾರಿಗೆ ಬಂದಳು, ಮೂರು ದಿನ ಇದ್ದಳು, ಹೋದಳು.

ಉಳಿದದ್ದು ಮಗಳು, ಸತ್ಯಮ್ಮ, ಐದು ವರ್ಷದ್ದು. ಬಾದನಹಟ್ಟಿಯಲ್ಲಿ ಅಜ್ಜಿ ಜಂಬಮ್ಮನ ಹತ್ತಿರ ಇತ್ತು. ಅಜ್ಜಿಗೆ ಕಣ್ಣು ಮಂಜು. ಕೊಟ್ಟೂರಪ್ಪ ಯಾರಿಗೂ ಹೇಳದೆ ಕೌಲ್ ಬಜಾರಿನಲ್ಲಿ ನಮ್ಮ ಮನೆಯ ಎದುರಿಗೇ ಒಂದು ರೂಮು ಹಿಡಿದ. ಇನ್ನೂರು ರೂಪಾಯಿ ಮುಂಗಡ ಕೊಟ್ಟ. ಮುಂದಿನ ವರ್ಷದ ಜೂನಿಗೆ ಮಗಳನ್ನು ತಂದು ಇಲ್ಲಿನ ಶಾಲೆಗೆ ಹಾಕುವುದು, ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನನ್ನ ಹೆಂಡತಿ ಮಾಸುಮಾಬಿ ನೋಡಿಕೊಳ್ಳುವುದು ಎಂದು ಮಾತಾಯಿತು. ಇದನ್ನೆಲ್ಲ ಅವನು ಬಿಲ್ಲು ಓದಿದ ಹಾಗೆ ಹೇಳಿದ್ದ. ಮುಖದಲ್ಲಿ ಏನೂ ಇರಲಿಲ್ಲ. ಮಾಸುಮಾಬಿ ಮಾತ್ರ, ಅಳದವರನ್ನು ಹೆಚ್ಚು ಮಾತಾಡಿಸಬಾರದು, ಸುಮ್ಮನೆ ಊಟಕ್ಕೆ ಹಾಕಬೇಕು ಎಂದಳು.

ಈಗ ಉಜ್ಜೋ ಮಿಷನ್ನಿನ ವಿಷಯ. ಹಿಂದಿನ ವರ್ಷ ಒಂದು ಬ್ಯಾಂಕಿನವರು ಬಂದು ಸಾವ್ಕಾರರಿಗೆ ಕ್ರೆಡಿಟ್ ಕಾರ್ಡಿನ ಹುಚ್ಚು ಹಿಡಿಸಿ ಹೋಗಿದ್ದರು. ಕಾರ್ಡಿನ ಮೇಲೆ ಗಿರಾಕಿಯ ಹೆಸರು, ನಂಬರು ಉಬ್ಬಿಕೊಂಡಿರುತ್ತವೆ. ಕಬ್ಬಿಣದ ಒಂದು ಹಲಗೆಯ ಮೇಲೆ ಕಾರ್ಡಿಟ್ಟು, ಅದರ ಮೇಲೆ ಕಾರ್ಬನ್ನಿನ ಮೂರು ಪದರದ ಚೀಟಿ ಇಟ್ಟು, ಹಿಡಿಯನ್ನು ಅತ್ತಿಂದಿತ್ತ ಉಜ್ಜಿದಂತೆ ಎಳೆದರೆ ಅಕ್ಷರಗಳು ಚೀಟಿಗೆ ಒತ್ತುತ್ತವೆ, ಅದಕ್ಕೇ ಉಜ್ಜೋ ಮಿಷನ್ನು. ಗಿರಾಕಿ ಸಹಿ ಮಾಡುತ್ತಾನೆ. ಒಂದು ಪ್ರತಿ ಬ್ಯಾಂಕಿಗೆ, ಒಂದು ಅಂಗಡಿಗೆ, ಒಂದು ಗಿರಾಕಿಗೆ. ವ್ಯಾಪಾರ ಸಾವಿರ ದಾಟಿದರೆ ಮೊದಲು ಮದರಾಸಿನ ಕಾರ್ಡಿನ ಆಫೀಸಿಗೆ ಟ್ರಂಕ್ ಕಾಲ್ ಮಾಡಿ, ಅವರು ಹೇಳಿದ ಒಪ್ಪಿಗೆಯ ನಂಬರನ್ನು ಚೀಟಿಯಲ್ಲಿ ಬರೆಯಬೇಕು. ಬಳ್ಳಾರಿಯಲ್ಲಿ ಅಂಥ ಕಾರ್ಡು ಇದ್ದವರು ಬೆರಳೆಣಿಕೆ. ಮಿಷನ್ನು ತಿಂಗಳಿಗೆ ಎರಡು ಸಲ ಎದ್ದರೆ ಹೆಚ್ಚು. ಉಳಿದ ದಿನ ಸಾವ್ಕಾರರು ಅದನ್ನು ಬಂದವರಿಗೆ ತೋರಿಸುತ್ತ ಕೂರುತ್ತಿದ್ದರು.

ಎರ್ರಮ್ಮ ತೀರಿದ ವರ್ಷದ ಮಾರ್ನಮಿಯ ಆಯುಧ ಪೂಜೆಗೆ ಸಾವ್ಕಾರರು ಎಲ್ಲವನ್ನೂ ಸಾಲಾಗಿ ಇಡಿಸಿದರು. ಗಜಕೋಲು, ಕತ್ತರಿ, ಗಲ್ಲಾಪೆಟ್ಟಿಗೆ, ಬಿಲ್ ಪುಸ್ತಕ, ಫೋನು, ನಡುವೆ ಉಜ್ಜೋ ಮಿಷನ್ನು. ಹೊರಗೆ ನನ್ನ ಹೊಲಿಗೆ ಮಿಷನ್ನಿಗೂ ವಿಭೂತಿ ಬಳಿದು ಚೆಂಡು ಹೂವಿನ ಹಾರ ಹಾಕಿದರು. ನಾನು ಬೇಡವೆನ್ನುವವನಲ್ಲ. ಆವತ್ತು ಅದಕ್ಕೆ ರಜೆ, ನನಗೂ ರಜೆ. ಪೂಜೆಯಾದ ಆಯುಧವನ್ನು ಮರುದಿನ ಬನ್ನಿ ಹಂಚುವ ತನಕ ಮುಟ್ಟಬಾರದು ಎಂಬುದು ಅವರ ತಂದೆಯ ಕಾಲದ ಕಟ್ಟು. ಒಂದು ವರ್ಷ ಮುಟ್ಟಿದ್ದಕ್ಕೇ ಮಾಳಿಗೆ ಸೋರಿ ಐವತ್ತು ಸೀರೆ ಹಾಳಾದವು ಎಂದು ಪ್ರತಿ ವರ್ಷ ಹೇಳುತ್ತಿದ್ದರು.

ಮಂಗಳಾರತಿ ಮುಗಿದು ಮಂಡಕ್ಕಿ ಹಂಚುವ ಹೊತ್ತಿಗೆ ಸಿರುಗುಪ್ಪದ ವಿರೂಪಾಕ್ಷಪ್ಪನವರು ಬಂದರು. ಅಕ್ಕಿ ಗಿರಣಿಯವರು, ಐವತ್ತೈದರ ಆಸುಪಾಸು, ನಗುಮುಖದ ಮನುಷ್ಯ. ಮಗಳ ಮದುವೆ ದೀಪಾವಳಿ ಮುಗಿದ ಮೇಲೆ ಇಟ್ಟುಕೊಂಡಿದ್ದರು. ಹೆಂಡತಿ ಮೊಣಕಾಲು ನೋವಿನಿಂದ ಬಂದಿರಲಿಲ್ಲ. ಇವರೊಬ್ಬರೇ ಎರಡು ತಾಸು ಕೂತು ಒಂದೊಂದೇ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಗಂಡಸರು ಸೀರೆ ಆರಿಸುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಆವತ್ತು ಬರಲಿಲ್ಲ. ಮಗಳ ಬಣ್ಣ ಯಾವುದು, ಅವಳ ಹೆಗಲು ಎಷ್ಟು ಇಳಿಜಾರು ಎಂಬುದೆಲ್ಲ ಆ ಮನುಷ್ಯನಿಗೆ ಗೊತ್ತಿತ್ತು. ಹನ್ನೊಂದು ಸೀರೆ, ಆರು ಸಾವಿರದ ಎಂಟುನೂರ ಎಪ್ಪತ್ತು ರೂಪಾಯಿ ಆಯಿತು. ಜೇಬಿನಿಂದ ಕಾರ್ಡು ತೆಗೆದರು.

ಕೊಟ್ಟೂರಪ್ಪ ಹಾರ ಹಾಕಿದ ಮಿಷನ್ನನ್ನು ನೋಡಿದ. ಸಾವ್ಕಾರರನ್ನು ನೋಡಿದ. ಸಾವ್ಕಾರರು ಅವನನ್ನು ಪಕ್ಕಕ್ಕೆ ಕರೆದು ಪೂಜೆ ಕೆಡಬಾರದು, ವ್ಯಾಪಾರವೂ ಬಿಡಬಾರದು ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಕೋಲು ಹಿಡಿಯುವವನು ಮಾತ್ರ ಬೇರೆಯವನು.

ಫೋನಿಗೂ ಹಾರ ಬಿದ್ದಿತ್ತಲ್ಲ. ಕೊಟ್ಟೂರಪ್ಪ ಪಕ್ಕದ ಲಾಡ್ಜಿಗೆ ಹೋಗಿ ಟ್ರಂಕ್ ಕಾಲ್ ಬುಕ್ ಮಾಡಿ ಮುಕ್ಕಾಲು ತಾಸು ಕಾದ. ಕಾರ್ಡಿನ ನಂಬರನ್ನು ಕೂಗಿ ಹೇಳಿ, ಮದರಾಸಿನವರು ಕೊಟ್ಟ ಆರಂಕಿಯ ಒಪ್ಪಿಗೆಯನ್ನು ಮೂರು ಸಲ ಕೂಗಿ ಖಾತ್ರಿ ಮಾಡಿಕೊಂಡು ಬಂದ. ಅದನ್ನು ಚೀಟಿಯಲ್ಲಿ ಬರೆದ. ಕಾರ್ಡಿನ ನಂಬರನ್ನೂ ಹೆಸರನ್ನೂ ತನ್ನ ಕೈಯಿಂದಲೇ ಬರೆದ. ವಿರೂಪಾಕ್ಷಪ್ಪನವರು ಸಹಿ ಮಾಡಿದರು. ಒತ್ತು ಮಾತ್ರ ಬೀಳಲಿಲ್ಲ. ಅದಕ್ಕೆ ಕೊಟ್ಟೂರಪ್ಪ ಗಿರಾಕಿಯ ಪ್ರತಿಯನ್ನೂ ಹರಿದು ಕೊಡದೆ ಮೂರು ಪದರವನ್ನೂ ಹಾಗೇ ಇಟ್ಟುಕೊಂಡ.

ವಿರೂಪಾಕ್ಷಪ್ಪನವರಿಗೆ ಅದೊಂದು ತಮಾಷೆಯಾಗಿ ಕಂಡಿತು. ನನ್ನ ಮುಂದೆ ಹನ್ನೊಂದು ಕುಪ್ಪಸದ ಬಟ್ಟೆ, ಮಗಳ ಒಂದು ಅಳತೆಯ ಕುಪ್ಪಸ ಇಟ್ಟು ಹೇಳಿದರು.

"ಐದು ದಿನಕ್ಕ ಜಂಪರ್ ಒಯ್ಯಾಕ ನಾನ ಬರ್ತೀನಿ. ಆವತ್ತು ನಿಮ್ಮ ದೇವ್ರು ಎದ್ದಿರ್ತಾನಲ್ಲ, ಎಷ್ಟು ಬೇಕು ಅಷ್ಟು ಉಜ್ಜಿಕೊಳ್ರಿ."

ಕೊಟ್ಟೂರಪ್ಪ ಆಗಲಿ ಎಂದು ತಲೆಯಾಡಿಸಿದ. ಮರುದಿನ ಬನ್ನಿ ಕೊಟ್ಟು, ಬಂಗಾರದಂಗ ಇರೋಣ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವನೂ ಹೇಳಿದ. ತುಟಿ ಮಾತ್ರ ಆಡಿತು.

ಐದು ದಿನವಾಯಿತು, ಹತ್ತು ದಿನವಾಯಿತು, ಅವರು ಬರಲಿಲ್ಲ. ಕುಪ್ಪಸಗಳು ಹೊಲಿದು, ಗುಂಡಿ ಹಚ್ಚಿ, ಮಡಿಸಿ ನನ್ನ ಪೆಟ್ಟಿಗೆಯಲ್ಲಿ ಕೂತಿದ್ದವು. ಕೊಟ್ಟೂರಪ್ಪ ಚೀಟಿಯನ್ನು ಬ್ಯಾಂಕಿಗೆ ಒಯ್ದ. ಅಲ್ಲಿನ ಮ್ಯಾನೇಜರು ಒಳ್ಳೆಯವರೇ. ಒಪ್ಪಿಗೆಯ ನಂಬರು ಸರಿಯಿದೆ, ಸಹಿಯೂ ಇದೆ, ಆದರೆ ಕೈಬರಹದ ನಂಬರಿಗೆ ಬೆಲೆಯಿಲ್ಲ, ಕಾರ್ಡಿನ ಒತ್ತು ಬೇಕು. ಒಪ್ಪಿಗೆಗೂ ಮೂವತ್ತು ದಿನದ ಗಡುವು, ಆಮೇಲೆ ಈ ಚೀಟಿ ಬರಿಯ ಕಾಗದ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಾನು ಗೊಣಗಿದೆ. ಕೊಟ್ಟೂರಪ್ಪ ಚೀಟಿಯನ್ನು ತಿರುಗಿ ಗಲ್ಲಾಪೆಟ್ಟಿಗೆಯಲ್ಲಿಟ್ಟ.

ಸಾವ್ಕಾರರು ಕೊಟ್ಟೂರಪ್ಪನನ್ನು ಕರೆದರು. ಚೀಟಿ ಬರೆದವನು ನೀನು, ಸೀರೆ ಕಟ್ಟಿ ಕೊಟ್ಟವನೂ ನೀನು, ಗಡುವಿನೊಳಗೆ ದುಡ್ಡು ಬರದಿದ್ದರೆ ನಿನ್ನ ಪಗಾರದಲ್ಲಿ ತಿಂಗಳಿಗೆ ನೂರೈವತ್ತು ಮುರಿಯುತ್ತೇನೆ ಎಂದರು. ಪಗಾರ ನಾನೂರ ಇಪ್ಪತ್ತು. ನೂರೈವತ್ತರಂತೆ ಮುರಿದರೆ ಸುಮಾರು ನಾಲ್ಕು ವರ್ಷ. ಆ ನಾಲ್ಕು ವರ್ಷ ರೂಮೂ ಇಲ್ಲ, ಸತ್ಯಮ್ಮ ಬಳ್ಳಾರಿಗೆ ಬರುವುದೂ ಇಲ್ಲ. ನಾನು ಕಟ್ಟೆಯಿಂದ ಎದ್ದು ಬಂದು, ಮಿಷನ್ ಮುಟ್ಟಬೇಡ ಎಂದವರು ಯಾರು ಎಂದು ಕೇಳಿಯೇಬಿಟ್ಟೆ. ಸಾವ್ಕಾರರು ಪೂಜೆಯ ಮಾತು ಬೇರೆ, ವ್ಯವಹಾರದ ಮಾತು ಬೇರೆ ಎಂದರು. ಅವರನ್ನು ಕೆಟ್ಟವರೆಂದು ಈಗಲೂ ಹೇಳಲಾರೆ. ಎರ್ರಮ್ಮನ ದವಾಖಾನೆ ಖರ್ಚಿಗೆ ಮುನ್ನೂರು ಕೊಟ್ಟು ತಿರುಗಿ ಕೇಳದವರು. ಆದರೆ ಆವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರಾ ಇಳಿದಿಲ್ಲ.

ಕೊಟ್ಟೂರಪ್ಪ ಮಾತ್ರ ಆಗಲಿ ಎಂದ. ಆಗಲಿ, ಆತು, ಬಿಡ್ರಿ. ಎರ್ರಮ್ಮ ಹೋದ ಮೇಲಿನ ಆ ಏಳು ತಿಂಗಳಲ್ಲಿ ಅವನ ಬಾಯಿಂದ ಬಂದ ಮಾತುಗಳು ಇಷ್ಟೇ. ಬೆರಳಿಗೆ ಸೂಜಿ ಚುಚ್ಚಿದರೂ ಆತು ಬಿಡ್ರಿ ಎನ್ನುತ್ತಿದ್ದನೋ ಏನೋ.

ಹದಿನಾರನೆಯ ದಿನ ಅವನು ಮಿಷನ್ನನ್ನು ಒಂದು ಚೀಲದಲ್ಲಿ ಹಾಕಿ ಸಿರುಗುಪ್ಪದ ಬಸ್ಸು ಹತ್ತಿದ. ಕತ್ತಲಾಗುವ ಮೊದಲೇ ತಿರುಗಿ ಬಂದ. ಚೀಟಿ ಹೋದ ಹಾಗೆಯೇ ಬಂದಿತ್ತು. ಏನಾಯಿತು ಎಂದು ಕೇಳಿದೆ.

"ಸತ್ತಾರ," ಎಂದ.

ಬಾಯಿ ಬಿಡಿಸಿ ಬಿಡಿಸಿ ಕೇಳಿದ ಮೇಲೆ ಸಂಗತಿ ತಿಳಿಯಿತು. ಕುಪ್ಪಸಕ್ಕೆಂದು ಬಳ್ಳಾರಿಗೆ ಹೊರಡುವ ದಿನವೇ ವಿರೂಪಾಕ್ಷಪ್ಪನವರಿಗೆ ಎದೆ ನೋವು ಬಂದಿತ್ತು. ಬಸ್ ಸ್ಟ್ಯಾಂಡಿನ ತನಕವೂ ಹೋಗಲಾಗಲಿಲ್ಲ. ಕೊಟ್ಟೂರಪ್ಪ ಮನೆ ಹುಡುಕಿಕೊಂಡು ಹೋದ ದಿನ ಅಲ್ಲಿ ಹನ್ನೊಂದನೆಯ ದಿನದ ಗಣಾರಾಧನೆ. ಅಂಗಳದಲ್ಲಿ ಶಾಮಿಯಾನ, ಊಟದ ಪಂಕ್ತಿ. ಯಾರೋ ಇವನನ್ನೂ ಮಾತಾಡಿಸಲು ಬಂದವನೆಂದು ತಿಳಿದು ಒಳಗೆ ಕರೆದು ಕೂರಿಸಿದರು. ಇವನು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಗೋಡೆಗೆ ಒರಗಿ, ಮೂರು ತಾಸು ಕೂತ. ಊಟಕ್ಕೆ ಎಬ್ಬಿಸಿದರು, ಉಂಡ. ಮತ್ತೆ ಬಂದು ಅಲ್ಲೇ ಕೂತ. ಆಮೇಲೆ ಎದ್ದು ಬಂದ. ಹೋದ ಪುಟ್ಟ, ಬಂದ ಪುಟ್ಟ.

ಒಂದು ಮಾತು ಕೇಳಿದ್ದರೆ ಏನಾಗುತ್ತಿತ್ತು ಎಂದು ನಾನು ರೇಗಿದೆ. ಎಲ್ಲರೂ ಅಳುತ್ತಿದ್ದರು, ನಡುವೆ ಕೇಳುವುದು ಸರಿ ಕಾಣಲಿಲ್ಲ ಎಂದ. ನಿನ್ನ ಮಗಳ ಗತಿ ಏನು ಎಂದೆ. ಅವನು ಮಿಷನ್ನನ್ನು ಚೀಲದಿಂದ ತೆಗೆದು, ಒರೆಸಿ, ಜಾಗದಲ್ಲಿಟ್ಟ.

ಗಡುವಿಗೆ ಆರು ದಿನ ಉಳಿದಾಗ ನನಗೆ ತಡೆಯಲಾಗಲಿಲ್ಲ. ಕುಪ್ಪಸ ಕೊಡುವ ನೆಪವಂತೂ ನನಗಿತ್ತು. ನಾನೇ ಮಿಷನ್ನನ್ನು ಚೀಲಕ್ಕೆ ತುಂಬಿ, ಅವನ ರಟ್ಟೆ ಹಿಡಿದು ಬಸ್ಸಿಗೆ ಹತ್ತಿಸಿದೆ. ದಾರಿಯುದ್ದಕ್ಕೂ ಕಾಲುವೆ ನೀರಿನ ಭತ್ತ ಹೂವು ಬಿಟ್ಟು ನಿಂತಿತ್ತು. ಅವನು ಕಿಟಕಿಯ ಪಕ್ಕದಲ್ಲೇ ಕೂತಿದ್ದ. ಅದನ್ನು ನೋಡಿದನೋ ಇಲ್ಲವೋ ಹೇಳಲಾರೆ. ನಾನು ಮಾತಾಡುವುದನ್ನು ನಾನೇ ಮಾತಾಡುತ್ತೇನೆ, ನೀನು ಮಿಷನ್ ಉಜ್ಜಿದರೆ ಸಾಕು ಎಂದು ಅವನಿಗೆ ಹೇಳಿಕೊಟ್ಟಿದ್ದೆ.

ಮನೆಯಲ್ಲಿ ಆವತ್ತು ಜನ ಇರಲಿಲ್ಲ. ವಿರೂಪಾಕ್ಷಪ್ಪನವರ ಹೆಂಡತಿ ಚನ್ನವೀರಮ್ಮ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಅವರ ಮುಪ್ಪಾದ ಅತ್ತೆ ಕಂಬಕ್ಕೆ ಒರಗಿದ್ದರು. ಮಗಳು ನೀರು ತಂದಿಟ್ಟು ಒಳಗೆ ಹೋದಳು. ಹೆಗಲು ಇಳಿಜಾರೇ, ನಾನು ಹೊಲಿದ ಅಳತೆ ಸರಿಯಾಗಿತ್ತು. ಚನ್ನವೀರಮ್ಮ ಕೊಟ್ಟೂರಪ್ಪನನ್ನು ನೋಡಿದ ಕೂಡಲೇ ಗುರುತು ಹಿಡಿದರು.

"ಅವತ್ತು ಬಂದು ಸುಮ್ಮನ ಕುಂತು ಹೋದೋರು ನೀವ ಅಲ್ಲೇನ್ರಿ? ಬಂದೋರೆಲ್ಲ ಹಂಗಾತು ಹಿಂಗಾತು ಅಂತ ಹೇಳ್ತಿದ್ರು. ನೀವೊಬ್ರು ಏನೂ ಹೇಳಲಿಲ್ಲ. ಅಷ್ಟಾದ್ರೂ ಆತಲ್ಲ ಅಂದ್ಕೊಂಡೆ."

ಕೊಟ್ಟೂರಪ್ಪ ತಲೆ ತಗ್ಗಿಸಿದ. ನಾನು ಕುಪ್ಪಸಗಳನ್ನು ಮುಂದಿಟ್ಟು, ಆಯುಧ ಪೂಜೆಯಿಂದ ಬ್ಯಾಂಕಿನ ತನಕ ಎಲ್ಲವನ್ನೂ ಹೇಳಿದೆ. ಸಾವ್ಕಾರರು ಪಗಾರ ಮುರಿಯುವ ಮಾತನ್ನೂ ಬಿಡಲಿಲ್ಲ. ಬಿಡುವುದಕ್ಕೆ ನಾನು ಅಷ್ಟು ದೊಡ್ಡ ಮನುಷ್ಯನಲ್ಲ. ಆಕೆ ಎಲ್ಲ ಕೇಳಿದರು. ಎದ್ದು ಒಳಗೆ ಹೋಗಿ, ಅಂಗಡಿಯ ಹೆಸರಿದ್ದ ಗಂಟನ್ನು ಬಿಚ್ಚದೆ ಹಾಗೇ ತಂದಿಟ್ಟರು. ಮದುವೆ ಮುಂದೆ ಹೋಯಿತು, ಸೀರೆಗಳನ್ನು ವಾಪಸ್ಸು ಒಯ್ಯಿರಿ, ನಿಮಗೆ ತೊಂದರೆ ಬೇಡ ಎಂದರು.

ನನಗೆ ಜೀವ ಬಂದಂತಾಯಿತು. ಸಾವಿನ ಮನೆಯಿಂದ ಬಂದ ಬಟ್ಟೆಯನ್ನು ಸಾವ್ಕಾರರು ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಆದರೆ ಅವರಿಗೆ ಹೇಳುವವರು ಯಾರು? ಬಸ್ಸಿನ ಧೂಳು ಕೊಡವಿ ಕಪಾಟಿನಲ್ಲಿಟ್ಟರೆ ಮುಗಿಯಿತು. ನಾನು ಗಂಟಿಗೆ ಕೈ ಹಾಕಿದೆ. ಆಗ ಕೊಟ್ಟೂರಪ್ಪ ಬಾಯಿ ಬಿಟ್ಟ.

"ಬ್ಯಾಡ್ರಿ ಅವ್ವಾರ. ಇವನ್ನ ಅವ್ರು ಬಾಗಿಲ ಬೆಳಕಿಗೆ ಹಿಡಿದು ಒಂದೊಂದ ಆರಿಸ್ಯಾರ. ಎರಡು ತಾಸು ಕುಂತಿದ್ರು. ಇವು ಇಲ್ಲೇ ಇರ್ಲಿ. ಕಾರ್ಡ್ ಇದ್ರ ಒಂದ್ ಸಲ ಕೊಡ್ರಿ, ಸಾಕು."

ಗಂಟು ಮುಂದೆ ಬಂದಾಗ ಬೇಡವೆನ್ನುವ ಈ ಹುಚ್ಚನ ಅಂಗಿಯ ತುದಿಯನ್ನು ಹಿಂದಿನಿಂದ ಜಗ್ಗಿದೆ. ಚನ್ನವೀರಮ್ಮ ಗಂಟನ್ನು ಮತ್ತೆ ತಮ್ಮ ಕಡೆ ಎಳೆದುಕೊಂಡರು. ಆಮೇಲೆ ದೇವರ ಕೋಣೆಯ ಕಡೆ ಕೈ ತೋರಿಸಿದರು.

ಅಲ್ಲಿ ದೇವರ ಜಗಲಿಯ ಮೇಲೆ ವಿರೂಪಾಕ್ಷಪ್ಪನವರ ಫೋಟೋ. ಫೋಟೋದ ಮುಂದೆ ಅವರ ಕನ್ನಡಕ, ಪೆನ್ನು, ಕೈಗಡಿಯಾರ, ಆ ಸಾಲಿನಲ್ಲೇ ಕಾರ್ಡು. ಗಂಡನ ಜೇಬಿನಲ್ಲಿ ಸಿಕ್ಕಿತು, ಅದರ ಮೇಲೆ ಅವರ ಹೆಸರಿದೆ ಎಂದು ಮಗಳು ಓದಿ ಹೇಳಿದಳು, ಅದಕ್ಕೆ ಇಟ್ಟೆ ಎಂದರು. ಎಲ್ಲಕ್ಕೂ ದಿನಾ ವಿಭೂತಿ, ಹೂವು. ಮುದುಕಿ ಕಂಬದ ಕಡೆಯಿಂದ, ತಿಂಗಳ ಪೂಜೆ ಆಗುವ ತನಕ ಜಗಲಿಯಿಂದ ಏನನ್ನೂ ಇಳಿಸಬಾರದು ಎಂದರು. ತಿಂಗಳ ಪೂಜೆ ಯಾವಾಗ ಎಂದು ಕೇಳಿದೆ. ಗಡುವು ಮುಗಿದು ಐದು ದಿನಕ್ಕೆ ಬೀಳುತ್ತಿತ್ತು.

ಅಲ್ಲಿ ಮಿಷನ್ನು ಪೂಜೆಗೆ ಕೂತಿತ್ತು, ಇಲ್ಲಿ ಕಾರ್ಡು ಕೂತಿತ್ತು. ನಾನು ನಕ್ಕುಬಿಡುತ್ತೇನೇನೋ ಎಂದು ಹೆದರಿ ಹೊರಗೆ ನೋಡಿದೆ.

"ಆತು ಬಿಡ್ರಿ," ಎಂದು ಕೊಟ್ಟೂರಪ್ಪ ಚೀಲ ಹೆಗಲಿಗೆ ಹಾಕಿ ಎದ್ದೇ ಬಿಟ್ಟ. ಅವನಿಗೆ ಬೇಸರವೂ ಇರಲಿಲ್ಲ. ಆ ಕಟ್ಟು ಅವನಿಗೆ ಗೊತ್ತಿದ್ದದ್ದೇ. ಗಡುವು, ಪಗಾರ, ರೂಮು, ಮಗಳು ಎಲ್ಲವೂ ಆ ಒಂದು ಬಿಡ್ರಿಯಲ್ಲಿ ಹೋದವು.

ಚನ್ನವೀರಮ್ಮ ಅವನನ್ನು ತಡೆದರು. ಇಳಿಸಬಾರದು ಎಂದರೇ ಹೊರತು ಮುಟ್ಟಬಾರದು ಎನ್ನಲಿಲ್ಲವಲ್ಲ, ನಿಮ್ಮ ಮಿಷನ್ನನ್ನೇ ಜಗಲಿಗೆ ಏರಿಸಿದರೆ ಆಗುವುದಿಲ್ಲವೇ ಎಂದು ಕೇಳಿದರು. ಕೇಳಿದ್ದು ಇವನನ್ನು, ನೋಡಿದ್ದು ಅತ್ತೆಯನ್ನು. ಮುದುಕಿ ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದರು. ಮಗನನ್ನು ಕಳೆದುಕೊಂಡ ಮುದುಕಿ ಎಷ್ಟೆಂದು ಹಟ ಹಿಡಿದೀತು?

ಕೊಟ್ಟೂರಪ್ಪ ಕಾಲು ತೊಳೆದು ಒಳಗೆ ಹೋದ. ನಾನು ಹೊಸ್ತಿಲ ಹೊರಗೆ ನಿಂತೆ. ಆಕೆ ಮೊದಲು ಮಿಷನ್ನಿಗೆ ಮೂರು ಬೆರಳು ವಿಭೂತಿ ಎಳೆದು, ಕನ್ನಡಕವನ್ನೂ ಗಡಿಯಾರವನ್ನೂ ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟರು. ಕಾರ್ಡಿನ ಅಕ್ಷರಗಳ ಸಂದಿಯಲ್ಲಿ ವಿಭೂತಿ ತುಂಬಿತ್ತು. ಹಾಗೇ ಒತ್ತಿದರೆ ಅಂಕಿ ಮೂಡುವುದಿಲ್ಲ ಎಂದು ಇವನು ಹೇಳಿದ. ಆಕೆ ಸೆರಗಿನ ತುದಿಯಿಂದ ಒಂದೊಂದೇ ಅಕ್ಷರವನ್ನು ಒರೆಸಿದರು. ಬಹಳ ಹೊತ್ತು ಒರೆಸಿದರು. ಕೊಟ್ಟೂರಪ್ಪ ಕಾದ.

ಆಮೇಲೆ ಚೀಟಿ ಇಟ್ಟು ಹಿಡಿ ಎಳೆದ. ಅತ್ತ ಒಂದು ಸಲ, ಇತ್ತ ಒಂದು ಸಲ. ಮಾರ್ನಮಿಯ ದಿನ ನಡೆಯಬೇಕಾಗಿದ್ದ ಕೆಲಸ ಅಷ್ಟೇ ಇತ್ತು.

ಚೀಟಿಯಲ್ಲಿ ಹೆಸರು ನೀಲಿಯಾಗಿ ಮೂಡಿತ್ತು. ಕೆಳಗೆ ಅವರದೇ ಕೈಯ ಸಹಿ, ಕೊನೆಯ ಅಕ್ಷರದ ಬಾಲ ಗೆರೆ ದಾಟಿ ಹೋಗಿತ್ತು. ಚನ್ನವೀರಮ್ಮ ಇದೇನು ಎಂದು ಬೆರಳಿಟ್ಟು ಕೇಳಿದರು. ಇವನು ಇಂಗ್ಲಿಷಿನ ಹೆಸರನ್ನು ಓದಿ ಹೇಳಿದ, ಇದು ಅವರ ಸಹಿ ಎಂದ, ಮಾರ್ನಮಿಯ ದಿನ ಹಾಕಿದ್ದು ಎಂದ. ಆಕೆ ಸಹಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ.

"ಇದರಾಗ ಒಂದು ನಮಗ ಬರ್ತೈತೇನ್ರಿ?"

ಗಿರಾಕಿಯ ಪ್ರತಿ ಹೇಗೂ ಅವರದೇ. ನಾನಾಗಿದ್ದರೆ ಹಾಗೇ ಹೇಳುತ್ತಿದ್ದೆ. ಕೊಟ್ಟೂರಪ್ಪ ಮೂರು ಪದರವನ್ನು ಬಿಡಿಸಿದ. ಗಿರಾಕಿಯ ಪ್ರತಿಯಲ್ಲಿ ಸಹಿ ಮಸುಕಾಗಿತ್ತು, ಎಷ್ಟೆಂದರೂ ಅದು ತಳದ ಪದರ. ಅವನು ಅದನ್ನು ನೋಡಿದ, ಜೇಬಿಗೆ ಹಾಕಿಕೊಂಡ. ಅದಕ್ಕಿಂತ ಸ್ಪಷ್ಟವಿದ್ದ ಅಂಗಡಿಯ ಪ್ರತಿಯನ್ನು ಎರಡೂ ಕೈಯಿಂದ ಆಕೆಗೆ ಕೊಟ್ಟ. ಸಾವ್ಕಾರರಿಗೆ ಮಸುಕಿನದೇ ಸಾಕು ಎಂದುಕೊಂಡನೇನೋ. ಆಕೆ ಅದನ್ನು ಮಡಿಸದೆ ಹಿಡಿದುಕೊಂಡೇ ಬಾಗಿಲ ತನಕ ಬಂದರು.

ಸಿರುಗುಪ್ಪದ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೆವು. ನನಗೆ ಖುಷಿಯೋ ಖುಷಿ. ಸಹಿ ಬದುಕಿದ್ದಾಗಿನದು, ಒಪ್ಪಿಗೆ ಬದುಕಿದ್ದಾಗಿನದು, ಒತ್ತು ಯಾವಾಗ ಬಿತ್ತೆಂದು ಯಾರು ಕೇಳುತ್ತಾರೆ ಎಂದು ಏನೇನೋ ಮಾತಾಡುತ್ತಿದ್ದೆ. ಅವನು ಲೋಟ ಕೆಳಗಿಟ್ಟ.

"ದಸ್ತಗೀರಣ್ಣ, ದವಾಖಾನಿಗೆ ಸೇರಿಸೋ ಮುಂದ ಎರ್ರಿ ಕಡೀಂದ ಒಂದು ಕಾಗದಕ್ಕ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ರು. ಆಕಿದು ಬ್ಯಾರೆ ಏನೂ ಇಲ್ಲ. ಫೋಟೋ ಇಲ್ಲ. ಆ ಕಾಗದ ಕೇಳಾಕ ಮೂರು ಸಲ ಹೋಗಿದ್ದೆ."

"ಏನಂದ್ರು?"

"ಅದು ಆಫೀಸಿನ ಕಾಗದ ಐತಿ, ಒಂದ ಪ್ರತಿ ಇರತೈತಿ ಅಂದ್ರು."

ಏಳು ತಿಂಗಳಲ್ಲಿ ಅವನ ಬಾಯಿಂದ ಅವಳ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅಳಲಿಲ್ಲ. ಮುಖ ಎಂದಿನ ಹಾಗೇ ಇತ್ತು. ಅತ್ತವನು ನಾನು, ಬಸ್ ಸ್ಟ್ಯಾಂಡಿನಲ್ಲಿ, ಟೋಪಿ ಹಾಕಿಕೊಂಡು, ಗಡ್ಡ ನೆರೆತವನು. ಆ ಮೂರು ತಾಸು ಅವನು ಆ ಮನೆಯ ಗೋಡೆಗೆ ಒರಗಿ ಯಾಕೆ ಕೂತಿದ್ದನೆಂದು ಆಗ ತಿಳಿಯಿತು. ತನ್ನ ಮನೆಯಲ್ಲಿ ಅವನಿಗೆ ಹಾಗೆ ಕೂರಲು ಆಗಿರಲಿಲ್ಲ. ನಾನು ರೇಗಿದ್ದಕ್ಕೆ ನನಗೇ ನಾಚಿಕೆಯಾಯಿತು. ಅವನು ಕುರುಗೋಡಿನ ಬಸ್ಸಿಗೆ ನಿಂತ, ಮಗಳನ್ನು ನೋಡಿ ಬೆಳಿಗ್ಗೆ ಬರುತ್ತೇನೆ ಎಂದ. ನಾನು ಮಿಷನ್ನು ಹೊತ್ತು ಬಳ್ಳಾರಿಗೆ ಬಂದೆ. ಅದರ ಮೇಲಿನ ವಿಭೂತಿಯನ್ನು ಒರೆಸಲು ಮನಸ್ಸಾಗಲಿಲ್ಲ.

ಮರುದಿನ ಅವನು ಬ್ಯಾಂಕಿಗೆ ಹೋಗಿ, ನಾನು ಹೇಳಿಕೊಟ್ಟ ಜಾಣತನವನ್ನೆಲ್ಲ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಎದ್ದು ಬಂದು ಎದೆಗೆ ಒದ್ದರೂ ಇವನು ನಿಜವನ್ನೇ ಹೇಳುವವನು. ಮ್ಯಾನೇಜರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಮದರಾಸಿಗೆ ಫೋನು ಮಾಡಿ, ಕೊಂಡ ದಿನ, ಒಪ್ಪಿಗೆಯ ದಿನ ಎರಡೂ ಅವರು ಇದ್ದಾಗಿನವೇ ಎಂದು ಚೀಟಿಯನ್ನು ತೆಗೆದುಕೊಂಡರು. ಎರಡು ವಾರಕ್ಕೆ ದುಡ್ಡು ಜಮೆಯಾಯಿತು. ಸಾವ್ಕಾರರು ಈ ಮಾತನ್ನು ಮತ್ತೆ ಎತ್ತಲಿಲ್ಲ. ಮುಂದಿನ ಮಾರ್ನಮಿಗೆ ಉಜ್ಜೋ ಮಿಷನ್ನನ್ನು ಪೂಜೆಯ ಸಾಲಿನಿಂದ ಅವರೇ ತೆಗೆದಿಟ್ಟರು, ಅದು ಆಯುಧವಲ್ಲ, ಬ್ಯಾಂಕಿನವರ ಸಾಮಾನು ಎಂದರು.

ಸತ್ಯಮ್ಮ ಮೇ ತಿಂಗಳ ಕೊನೆಗೆ ಒಂದು ಟ್ರಂಕು, ಬರೆಯುವ ಒಂದು ಪಾಟಿ ಹಿಡಿದು ಬಂದಳು. ಜೂನಿನಲ್ಲಿ ಶಾಲೆಗೆ ಹೆಸರು ಹಚ್ಚಲು ನಾನೂ ಹೋಗಿದ್ದೆ. ಅರ್ಜಿಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು ಎಂದು ಎರಡು ಗೆರೆ ಇದ್ದವು. ತಾಯಿ ಇಲ್ಲ ಎಂದು ತಿಳಿದ ಗುಮಾಸ್ತರು, ಹಾಗಾದರೆ ಅದನ್ನು ಖಾಲಿ ಬಿಟ್ಟರೂ ನಡೆಯುತ್ತದೆ ಎಂದರು.

ಕೊಟ್ಟೂರಪ್ಪ ಅಂಗಿಯ ಜೇಬಿನಿಂದ ಅಂಗಡಿಯ ಒಂದು ಕಾರ್ಬನ್ ಹಾಳೆ, ಒಂದು ಬಿಳಿ ಹಾಳೆ ತೆಗೆದ. ಎರಡನ್ನೂ ಅರ್ಜಿಯ ಕೆಳಗೆ ಅಂಚು ಕೂಡಿಸಿ ಇಟ್ಟ. ಎರಡನೆಯ ಗೆರೆಯ ಮೇಲೆ ಎರ್ರಮ್ಮ ಎಂದು ನಿಧಾನವಾಗಿ, ಪೆನ್ನು ಒತ್ತಿ ಒತ್ತಿ ಬರೆದ. ಆಮೇಲೆ ಸತ್ಯಮ್ಮನ ಹೆಬ್ಬೆರಳನ್ನು ಕಾರ್ಬನ್ನಿಗೆ ಒರೆಸಿ, ಬಿಳಿ ಹಾಳೆಯಲ್ಲಿ ಮೂಡಿದ ಆ ಹೆಸರಿನ ಪಕ್ಕಕ್ಕೆ ಒತ್ತಿಸಿದ. ಅರ್ಜಿಯನ್ನು ಗುಮಾಸ್ತರಿಗೆ ಕೊಟ್ಟ. ಪ್ರತಿಯನ್ನು ಮಡಿಸಿ ಜೇಬಿಗಿಟ್ಟುಕೊಳ್ಳಲು ಹೋದ, ಆಗಲಿಲ್ಲ. ಮತ್ತೆ ಬಿಡಿಸಿ ನೋಡಿದ. ಶಾಲೆಯ ಕಟ್ಟೆಯ ಮೇಲೆ ಕೂತು, ಮಗಳ ನೀಲಿ ಬೆರಳನ್ನು ಹಿಡಿದುಕೊಂಡು, ಅವನು ಅಳತೊಡಗಿದ.